ಮುಳ್ಳು ಇಳಿಯಿತು, ದನಿ ಏರಿತು
ವೈರ್‌ಲೆಸ್ ಸೆಟ್ಟಿನ ಮೀಟರ್ ಕಲಿಸುವ ಪಾಠ

ಮಕ್ಕಳೇ, ನೀವು ಸಂತೆಗೆ ಹೋಗಿದ್ದೀರಲ್ಲವೇ? ಕೈತಕ್ಕಡಿ ಹಿಡಿದ ವ್ಯಾಪಾರಿ ತರಕಾರಿ ತೂಗುವ ಮೊದಲು ಏನು ಮಾಡುತ್ತಾರೆ, ನೆನಪು ಮಾಡಿಕೊಳ್ಳಿ. ಬರಿಯ ತಕ್ಕಡಿಯನ್ನು ಮೇಲೆತ್ತಿ ತೋರಿಸುತ್ತಾರೆ. ಎರಡು ತಟ್ಟೆಗಳೂ ಸಮವಾಗಿ ನಿಂತರೆ ನಿಮ್ಮ ಅಮ್ಮ ‘ಸರಿ, ತೂಗಿ’ ಎನ್ನುತ್ತಾರೆ. ಆಮೇಲೆ ಒಂದು ತಟ್ಟೆಗೆ ಸರ್ಕಾರದ ಮುದ್ರೆ ಇರುವ ತೂಕದ ಬಟ್ಟು, ಇನ್ನೊಂದು ತಟ್ಟೆಗೆ ಬದನೆಕಾಯಿ.

ಇಲ್ಲಿ ಎರಡು ಪರೀಕ್ಷೆಗಳು ನಡೆದವು. ತಟ್ಟೆ ಖಾಲಿ ಇದ್ದಾಗ ತಕ್ಕಡಿ ಸಮವಾಗಿದೆಯೇ ಎಂಬುದು ಮೊದಲನೆಯದು. ನಾವು ಹೋಲಿಸುತ್ತಿರುವ ಬಟ್ಟು ನಂಬಲು ಯೋಗ್ಯವೇ ಎಂಬುದು ಎರಡನೆಯದು. ಇವೆರಡರಲ್ಲಿ ಒಂದು ತಪ್ಪಿದರೂ ತೂಕ ಸುಳ್ಳಾಗುತ್ತದೆ.

ದೂರದಿಂದ ಬರುವ ರೇಡಿಯೊ ತರಂಗವನ್ನೂ ಹೀಗೆ ‘ತೂಗುವ’ ಒಂದು ಮೀಟರ್ ಇದೆ. ಅದಕ್ಕೆ ಸಿಗ್ನಲ್ ಮೀಟರ್ ಎಂದು ಹೆಸರು. ಅದರ ಮುಳ್ಳು ಯಾವಾಗ ನಿಜ ಹೇಳುತ್ತದೆ, ಯಾವಾಗ ಸುಳ್ಳು ಹೇಳುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಪೆಟ್ಟಿಗೆ

ನಮ್ಮ ಮನೆಯ ರೇಡಿಯೊ ಕೇಳಲು ಮಾತ್ರ. ಅದರಲ್ಲಿ ಬರುವ ಮಾತಿಗೆ ನಾವು ಉತ್ತರ ಕೊಡಲಾಗದು. ಪೊಲೀಸ್ ಜೀಪಿನಲ್ಲಿ, ಹಡಗಿನಲ್ಲಿ ಇರುವ ವೈರ್‌ಲೆಸ್ ಸೆಟ್ ಹಾಗಲ್ಲ. ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ.

ಇಂಥ ಸೆಟ್ಟುಗಳನ್ನು ಹವ್ಯಾಸಕ್ಕಾಗಿ ಬಳಸುವವರೂ ಇದ್ದಾರೆ. ಅವರನ್ನು ‘ಹ್ಯಾಮ್’ಗಳು ಎನ್ನುತ್ತಾರೆ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿ, ಪರವಾನಗಿ ಪಡೆದು ಅವರು ಊರೂರುಗಳ, ದೇಶದೇಶಗಳ ಗೆಳೆಯರೊಡನೆ ಮಾತನಾಡುತ್ತಾರೆ. ಈ ಹವ್ಯಾಸ ಕಷ್ಟಕಾಲದಲ್ಲಿ ಜೀವ ಉಳಿಸುವ ಕೆಲಸಕ್ಕೂ ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದವು. ದೂರವಾಣಿ ಸಂಪರ್ಕ ಕಡಿದುಹೋಯಿತು. ಆಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿ ಇದ್ದರು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟುಗಳಿಂದಲೇ ಅವರು ದ್ವೀಪದಲ್ಲಿದ್ದವರ ಕ್ಷೇಮಸಮಾಚಾರವನ್ನು ಹೊರಗಿನ ಲೋಕಕ್ಕೆ ತಲುಪಿಸಿದರು.

‘ಐದು ಒಂಬತ್ತು’ ಎಂದರೇನು?

ಇಬ್ಬರು ಹ್ಯಾಮ್‌ಗಳು ಮಾತು ಶುರುಮಾಡಿದ ಕೂಡಲೇ ಒಬ್ಬರಿಗೊಬ್ಬರು ಎರಡು ಅಂಕಿಗಳನ್ನು ಹೇಳಿಕೊಳ್ಳುತ್ತಾರೆ. ‘ನಿಮ್ಮದು ಐದು ಒಂಬತ್ತು’, ‘ನಿಮ್ಮದು ನಾಲ್ಕು ಆರು’ ಎಂಬಂತೆ. ಮೊದಲ ಅಂಕಿ ಮಾತಿನ ಸ್ಪಷ್ಟತೆಯನ್ನು ತಿಳಿಸುತ್ತದೆ. ಇದು 1ರಿಂದ 5ರವರೆಗೆ. ಇದನ್ನು ತೀರ್ಮಾನಿಸುವುದು ಕಿವಿ. ಎರಡನೆಯ ಅಂಕಿ ತರಂಗದ ಬಲವನ್ನು ತಿಳಿಸುತ್ತದೆ. ಇದು 1ರಿಂದ 9ರವರೆಗೆ. ಇದನ್ನು ಮೀಟರಿನ ಮುಳ್ಳು ನೋಡಿ ಹೇಳುತ್ತಾರೆ.

ಈ ಅಂಕಿಗಳು ಬರಿಯ ಉಪಚಾರದ ಮಾತಲ್ಲ. ಪ್ರವಾಹದ ಊರಿನಲ್ಲಿ ಒಬ್ಬರು ಒಂದೇ ಬ್ಯಾಟರಿ ಇಟ್ಟುಕೊಂಡು ಸಂದೇಶ ಕಳಿಸುತ್ತಿದ್ದಾರೆ ಎಂದುಕೊಳ್ಳಿ. ‘ನಿಮ್ಮ ಬಲ 9’ ಎಂದು ನಾವು ಹೇಳಿದರೆ ಅವರು ಬ್ಯಾಟರಿ ಉಳಿಸಲು ಸೆಟ್ಟಿನ ಶಕ್ತಿಯನ್ನು ತಗ್ಗಿಸುತ್ತಾರೆ. ನಮ್ಮ ಮೀಟರ್ ಸುಳ್ಳು ಹೇಳಿದ್ದರೆ? ಅವರ ದನಿ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಮುಳ್ಳು ಅಳೆಯುವುದು ಎಷ್ಟು ಸಣ್ಣದನ್ನು?

ರೇಡಿಯೊ ತರಂಗ ಆಂಟೆನಾ ತಂತಿಗೆ ತಾಗಿದಾಗ ಅದರಲ್ಲಿ ತೀರ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇದನ್ನು ಮೈಕ್ರೊವೋಲ್ಟ್‌ಗಳಲ್ಲಿ ಅಳೆಯುತ್ತಾರೆ. 1 ವೋಲ್ಟ್‌ನಲ್ಲಿ 10 ಲಕ್ಷ ಮೈಕ್ರೊವೋಲ್ಟ್‌ಗಳಿವೆ.

ಮುಳ್ಳು 9ರಲ್ಲಿ ನಿಲ್ಲಬೇಕಾದರೆ ಎಷ್ಟು ವೋಲ್ಟೇಜ್ ಇರಬೇಕು? ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಮೊದಲನೆಯ ವಲಯವು 1981ರಲ್ಲಿ ಇದಕ್ಕೊಂದು ಅಳತೆಯನ್ನು ಗೊತ್ತುಮಾಡಿತು. ಅದರಂತೆ, 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ಆವೃತ್ತಿಗಳಲ್ಲಿ 9 ಎಂದರೆ 50 ಮೈಕ್ರೊವೋಲ್ಟ್. ಅಲ್ಲಿಂದ ಒಂದೊಂದು ಅಂಕಿ ಇಳಿದಂತೆ ವೋಲ್ಟೇಜ್ ಅರ್ಧವಾಗುತ್ತದೆ.

9 – 50 ಮೈಕ್ರೊವೋಲ್ಟ್
8 – 25 ಮೈಕ್ರೊವೋಲ್ಟ್
7 – ಸುಮಾರು 12.5 ಮೈಕ್ರೊವೋಲ್ಟ್
6 – ಸುಮಾರು 6.3 ಮೈಕ್ರೊವೋಲ್ಟ್
5 – ಸುಮಾರು 3.2 ಮೈಕ್ರೊವೋಲ್ಟ್
1 – ಸುಮಾರು 0.2 ಮೈಕ್ರೊವೋಲ್ಟ್

ಟಾರ್ಚಿನ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. 9ರ ಗುರುತಿನ ‘ಬಲವಾದ’ ತರಂಗ ಕೊಡುವ ವೋಲ್ಟೇಜ್ ಅದರ 30,000ದಲ್ಲಿ ಒಂದು ಭಾಗ ಮಾತ್ರ!

ಇನ್ನೊಂದು ಸಂಗತಿ ಗಮನಿಸಿ. ವೋಲ್ಟೇಜ್ ಎರಡರಷ್ಟಾಗಲು ಕಳಿಸುವವರ ಶಕ್ತಿ ನಾಲ್ಕರಷ್ಟಾಗಬೇಕು. ಅಂದರೆ 5 ವ್ಯಾಟ್‌ನ ಸೆಟ್ಟನ್ನು 20 ವ್ಯಾಟ್‌ಗೆ ಏರಿಸಿದರೂ ನಮ್ಮ ಮುಳ್ಳು ಒಂದೇ ಒಂದು ಅಂಕಿ ಮೇಲೇರುತ್ತದೆ. ಆದ್ದರಿಂದ ಬರುವ ಸಣ್ಣ ತರಂಗವನ್ನು ಸೋರಿಹೋಗದಂತೆ ಹಿಡಿಯುವ ಕೆಲಸ ಬಹಳ ಮುಖ್ಯ.

ವಿಜ್ಞಾನ ಮೇಳದಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಮೇಳಕ್ಕೆ ಹಿರಿಯ ಹ್ಯಾಮ್ ಒಬ್ಬರನ್ನು ಕರೆದಿದ್ದೆವು. ಅವರು ಎರಡು ಹಳೆಯ ಸೆಟ್ಟುಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ಒಂದು ಅವರ ಸ್ವಂತದ್ದು. ಇನ್ನೊಂದು ಯಾರಿಂದಲೋ ಕೈಬದಲಾಗಿ ಬಂದದ್ದು. ಏಳನೆಯ ತರಗತಿಯ ಒಬ್ಬ ಹುಡುಗಿ ಆ ಎರಡನೆಯ ಸೆಟ್ಟನ್ನೇ ನೋಡುತ್ತ ನಿಂತಿದ್ದಳು.

‘ಸಾರ್, ಮುಳ್ಳು ಒಂಬತ್ತಕ್ಕೆ ಬಂದಿದೆ. ಆದರೆ ಮಾತೇ ಕೇಳಿಸ್ತಾ ಇಲ್ಲವಲ್ಲ?’

ಹಿರಿಯರಿಗೆ ಸಂತೋಷವಾಯಿತು. ‘ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಈಗ ನಾನು ಆಂಟೆನಾ ತಂತಿ ಕಳಚುತ್ತೇನೆ. ಮುಳ್ಳು ಎಲ್ಲಿಗೆ ಬರಬೇಕು?’

‘ಸೊನ್ನೆಗೆ.’

ತಂತಿ ಕಳಚಿದರು. ಮುಳ್ಳು 3ರಲ್ಲೇ ನಿಂತಿತು. ಬರಿಯ ತಕ್ಕಡಿಯೇ ಓರೆ!

ಆಮೇಲೆ ಅವರು ಸಿಗ್ನಲ್ ಜನರೇಟರ್ ಎಂಬ ಉಪಕರಣವನ್ನು ಆ ಸೆಟ್ಟಿಗೆ ಜೋಡಿಸಿದರು. ನಮಗೆ ಬೇಕಾದ ಆವೃತ್ತಿಯ, ಬೇಕಾದಷ್ಟೇ ಬಲದ ತರಂಗವನ್ನು ಅದು ಕೊಡುತ್ತದೆ. ಅಂದರೆ ಅದು ಮುದ್ರೆಯಿರುವ ತೂಕದ ಬಟ್ಟು. ಜನರೇಟರಿನಿಂದ 6.3 ಮೈಕ್ರೊವೋಲ್ಟ್ ಕೊಟ್ಟರು. ಅವರ ಸ್ವಂತ ಸೆಟ್ಟಿನಲ್ಲಿ ಮುಳ್ಳು 6ಕ್ಕೆ ಬಂತು, ಸದ್ದು ಸ್ಪಷ್ಟವಾಗಿತ್ತು. ಕೈಬದಲಾದ ಸೆಟ್ಟಿನಲ್ಲಿ ಮುಳ್ಳು 9ಕ್ಕೆ ಹಾರಿತು. ಸದ್ದು ಮಾತ್ರ ಗೊರಗೊರ ಶಬ್ದದ ಕೆಳಗೆಲ್ಲೋ ಇತ್ತು.

‘ಈ ಸೆಟ್ಟಿನ ಕಿವಿ ಮಂದವಾಗಿದೆ. ಅದನ್ನು ಸರಿಮಾಡುವ ಬದಲು ಯಾರೋ ಮೀಟರಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಮೇಲೆತ್ತಿದ್ದಾರೆ’ ಎಂದರು ಹಿರಿಯರು.

ಕಿವಿ ಮಂದವಾಗುವುದು ಎಂದರೇನು? ಅದನ್ನು ತಿಳಿಯಲು ಒಂದು ಚಟುವಟಿಕೆ ಮಾಡೋಣ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿಗಳು: ಎರಡು ಕುರ್ಚಿ, ದಾರ, ಒಂದೇ ಗಾತ್ರದ ಮೂರು ಸಣ್ಣ ಕಲ್ಲು, ಅಳತೆಪಟ್ಟಿ.

ವಿಧಾನ: ಎರಡು ಕುರ್ಚಿಗಳ ನಡುವೆ ದಾರವನ್ನು ಅಡ್ಡವಾಗಿ, ಸ್ವಲ್ಪ ಸಡಿಲವಾಗಿ ಕಟ್ಟಿ. ಅದರಿಂದ ಮೂರು ಲೋಲಕಗಳನ್ನು ಇಳಿಬಿಡಿ. ಎರಡರ ಉದ್ದ 25 ಸೆಂಟಿಮೀಟರ್, ಮೂರನೆಯದರ ಉದ್ದ 40 ಸೆಂಟಿಮೀಟರ್ ಇರಲಿ. 25 ಸೆಂಟಿಮೀಟರಿನ ಒಂದು ಲೋಲಕವನ್ನು ಮಾತ್ರ ತೂಗಿಬಿಡಿ. ಅದು 10 ಸಲ ತೂಗಲು ಸುಮಾರು 10 ಸೆಕೆಂಡು ತೆಗೆದುಕೊಳ್ಳುತ್ತದೆ. ಅಳೆದು ನೋಡಿ.

ಸ್ವಲ್ಪ ಹೊತ್ತಿನಲ್ಲಿ ಏನಾಯಿತು? ನೀವು ಮುಟ್ಟದಿದ್ದರೂ ಅದೇ ಉದ್ದದ ಇನ್ನೊಂದು ಲೋಲಕ ಚೆನ್ನಾಗಿ ತೂಗತೊಡಗುತ್ತದೆ. 40 ಸೆಂಟಿಮೀಟರಿನದು ಒಂದಿಷ್ಟು ಅಲ್ಲಾಡಿ ಸುಮ್ಮನಾಗುತ್ತದೆ.

ಈಗ ಆ ಉದ್ದದ ಲೋಲಕದ ದಾರವನ್ನು 35, 30, 25, 20 ಸೆಂಟಿಮೀಟರ್ ಹೀಗೆ ಗಿಡ್ಡ ಮಾಡುತ್ತಾ ಪ್ರತಿ ಸಲವೂ ಪ್ರಯೋಗವನ್ನು ಮತ್ತೆ ಮಾಡಿ. 25ರ ಹತ್ತಿರ ಬಂದಂತೆ ಅದು ಹೆಚ್ಚು ತೂಗುತ್ತದೆ. 25 ದಾಟಿದರೆ ಮತ್ತೆ ಕಡಿಮೆಯಾಗುತ್ತದೆ.

ಒಂದು ವಸ್ತು ತನ್ನ ಸಹಜ ಆವೃತ್ತಿಯಲ್ಲೇ ಬರುವ ತಳ್ಳುವಿಕೆಗೆ ಹೆಚ್ಚು ಸ್ಪಂದಿಸುವುದನ್ನು ಅನುರಣನ ಎನ್ನುತ್ತಾರೆ. ರೇಡಿಯೊದ ಒಳಗೆ ಕಲ್ಲು ಮತ್ತು ದಾರದ ಬದಲು ತಂತಿಯ ಸುರುಳಿ ಮತ್ತು ಕೆಪಾಸಿಟರ್ ಇರುತ್ತವೆ. ಸುರುಳಿಯ ನಡುವೆ ಒಂದು ಫೆರೈಟ್ ತಿರುಪು ಇರುತ್ತದೆ. ಅದನ್ನು ತಿರುಗಿಸುವುದು ಲೋಲಕದ ದಾರವನ್ನು ಉದ್ದ, ಗಿಡ್ಡ ಮಾಡಿದಂತೆ.

ಸಾಲಾಗಿ ನಿಂತ ಸುರುಳಿಗಳು

ರೇಡಿಯೊದಲ್ಲಿ ಇಂಥ ಸುರುಳಿ ಒಂದೇ ಇದ್ದರೆ ಸಾಲದು. ಅಕ್ಕಪಕ್ಕದ ಕೇಂದ್ರಗಳು ಕಲಸಿಹೋಗುತ್ತವೆ. ಆದ್ದರಿಂದ ಹಲವು ಸುರುಳಿಗಳನ್ನು ಒಂದರ ಹಿಂದೆ ಒಂದರಂತೆ ಇಡುತ್ತಾರೆ. ಆದರೆ ಕೇಂದ್ರ ಬದಲಿಸಿದಾಗಲೆಲ್ಲ ಎಲ್ಲವನ್ನೂ ತಿರುಗಿಸುವುದು ಹೇಗೆ? ಇದಕ್ಕೆ 1918ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಒಂದು ಜಾಣ ಉಪಾಯ ಕಂಡುಹಿಡಿದರು. ಯಾವ ಕೇಂದ್ರದ ತರಂಗ ಬಂದರೂ ಅದನ್ನು ಮೊದಲು ಒಂದೇ ಗೊತ್ತಾದ ಆವೃತ್ತಿಗೆ ಬದಲಾಯಿಸಿಕೊಳ್ಳುವುದು. ಹಲವು ಹಳೆಯ ರೇಡಿಯೊಗಳಲ್ಲಿ ಈ ಆವೃತ್ತಿ 455 ಕಿಲೋಹರ್ಟ್ಸ್.

ಉದಾಹರಣೆಗೆ, ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರ ದಶಕಗಳ ಕಾಲ 612 ಕಿಲೋಹರ್ಟ್ಸ್‌ನಲ್ಲಿ ಕೇಳಿಬಂದಿದೆ. ಅದನ್ನು ಕೇಳುವಾಗ ರೇಡಿಯೊ ತನ್ನೊಳಗೇ 1067 ಕಿಲೋಹರ್ಟ್ಸ್‌ನ ತರಂಗವನ್ನು ಹುಟ್ಟಿಸಿ ಎರಡನ್ನೂ ಬೆರೆಸುತ್ತದೆ. 1067ರಲ್ಲಿ 612 ಕಳೆಯಿರಿ. ಎಷ್ಟು ಬಂತು? 455! ಈ ಆವೃತ್ತಿಗೆ ಹೊಂದಿಸಿದ ಸುರುಳಿಗಳು ಚೌಕಾಕಾರದ ಸಣ್ಣ ಲೋಹದ ಡಬ್ಬಿಗಳಲ್ಲಿ ಇರುತ್ತವೆ.

ವರ್ಷಗಳು ಕಳೆದಂತೆ ಬಿಸಿ, ತೇವ, ಅಲುಗಾಟಗಳಿಂದ ಸುರುಳಿಗಳು ಸ್ವಲ್ಪ ಸ್ವಲ್ಪವೇ ಜಾರುತ್ತವೆ. ಒಂದು 455ರಲ್ಲಿ, ಇನ್ನೊಂದು 451ರಲ್ಲಿ, ಮತ್ತೊಂದು 460ರಲ್ಲಿ ನಿಂತರೆ ತರಂಗ ಒಂದೊಂದರಲ್ಲೂ ಸೊರಗುತ್ತಾ ಹೋಗುತ್ತದೆ. ಇದೇ ಕಿವಿ ಮಂದವಾಗುವುದು. ಎಲ್ಲವನ್ನೂ ಮತ್ತೆ ಒಂದೇ ಆವೃತ್ತಿಗೆ ತರುವ ಕೆಲಸಕ್ಕೆ ‘ಅಲೈನ್‌ಮೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ಶ್ರುತಿ ಕೂಡಿಸುವುದು’ ಎನ್ನಬಹುದು. ಹಾಡುವ ಮೊದಲು ತಂಬೂರಿಯ ತಂತಿಗಳನ್ನು ಹೊಂದಿಸುವುದಿಲ್ಲವೇ, ಹಾಗೆ.

ಹಿರಿಯರು ಸರಿಮಾಡಿದ ಕ್ರಮ

1. ಮೊದಲು ಮೈಕನ್ನು ಕಳಚಿ ದೂರ ಇಟ್ಟರು. ಅರಿಯದೆ ಅದರ ಗುಂಡಿ ಒತ್ತಿದರೆ ಸೆಟ್ಟಿನ ಶಕ್ತಿಯೆಲ್ಲ ಜನರೇಟರಿಗೆ ನುಗ್ಗಿ ಅದು ಸುಟ್ಟುಹೋಗಬಹುದು.

2. ಸೆಟ್ಟನ್ನು ಅರ್ಧ ಗಂಟೆ ಚಾಲೂ ಇಟ್ಟರು. ಬಿಸಿಯೇರುವಾಗ ಆವೃತ್ತಿ ಅತ್ತಿತ್ತ ಸರಿಯುತ್ತದೆ. ಅದು ನೆಲೆಗೆ ನಿಲ್ಲಲಿ ಎಂದು ಕಾದರು.

3. ಜನರೇಟರಿನಿಂದ ತೀರ ದುರ್ಬಲ ತರಂಗ ಕೊಟ್ಟರು. ಇದಕ್ಕೆ ಕಾರಣವಿದೆ. ಬಿಸಿಲಿಗೆ ಬಂದಾಗ ನಮ್ಮ ಕಣ್ಣಿನ ಪಾಪೆ ತಾನಾಗಿ ಕಿರಿದಾಗುತ್ತದಲ್ಲವೇ? ಹಾಗೆಯೇ ಬಲವಾದ ತರಂಗ ಬಂದಾಗ ರೇಡಿಯೊ ತಾನಾಗಿ ತನ್ನ ವರ್ಧನೆಯನ್ನು ತಗ್ಗಿಸಿಕೊಳ್ಳುತ್ತದೆ. ಆಗ ಶ್ರುತಿ ಕೂಡಿದ್ದೂ ತಿಳಿಯದು, ತಪ್ಪಿದ್ದೂ ತಿಳಿಯದು. ಸಿಗ್ನಲ್ ಮೀಟರ್ ತೋರಿಸುವುದು ಈ ತಗ್ಗಿಸುವಿಕೆಯನ್ನೇ. ಹೆಚ್ಚು ತಗ್ಗಿಸಬೇಕಾದರೆ ಬಂದ ತರಂಗ ಬಲವಾಗಿದೆ ಎಂದರ್ಥ.

4. ಪ್ಲಾಸ್ಟಿಕ್ ಕಡ್ಡಿಯಿಂದ 455ರ ಸುರುಳಿಗಳ ತಿರುಪನ್ನು ಕೊನೆಯದರಿಂದ ಮೊದಲನೆಯದರವರೆಗೆ ಒಂದೊಂದಾಗಿ ತಿರುಗಿಸಿದರು. ಸದ್ದು ಅತಿ ಹೆಚ್ಚಾದ ಕಡೆ ನಿಲ್ಲಿಸಿದರು. ಒಂದನ್ನು ಬದಲಿಸಿದರೆ ಇನ್ನೊಂದರ ಮೇಲೂ ಪರಿಣಾಮವಾಗುವುದರಿಂದ ಇದನ್ನು ಎರಡು ಸಲ ಮಾಡಿದರು. ಕಬ್ಬಿಣದ ಸ್ಕ್ರೂಡ್ರೈವರ್ ಯಾಕೆ ಬೇಡ? ಲೋಹ ಹತ್ತಿರ ಬಂದರೇ ಸುರುಳಿಯ ಆವೃತ್ತಿ ಬದಲಾಗುತ್ತದೆ. ಅದನ್ನು ಹೊರತೆಗೆದ ಕೂಡಲೇ ಶ್ರುತಿ ತಪ್ಪುತ್ತದೆ.

5. ಡಯಲ್ಲಿನ ಗುರುತು ಸರಿಯಾಗುವಂತೆ ಒಳಗೆ ತರಂಗ ಹುಟ್ಟಿಸುವ ಸುರುಳಿಯನ್ನೂ, ಬಳಿಕ ಆಂಟೆನಾದ ಕಡೆಯ ಸುರುಳಿಯನ್ನೂ ಹೊಂದಿಸಿದರು.

6. ಎಲ್ಲಕ್ಕೂ ಕೊನೆಗೆ ಮೀಟರ್. ಆಂಟೆನಾ ಕಡೆ ಏನೂ ಕೊಡದೆ ಮುಳ್ಳನ್ನು ಸೊನ್ನೆಗೆ ತಂದರು. ಆಮೇಲೆ 50 ಮೈಕ್ರೊವೋಲ್ಟ್ ಕೊಟ್ಟು, ಮೀಟರಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಸರಿಯಾಗಿ 9ಕ್ಕೆ ನಿಲ್ಲಿಸಿದರು.

ಈಗ ಮತ್ತೆ 6.3 ಮೈಕ್ರೊವೋಲ್ಟ್ ಕೊಟ್ಟರು. ಮೊದಲು 9 ತೋರಿಸಿದ್ದ ಮುಳ್ಳು ಈಗ 6ರ ಬಳಿ ನಿಂತಿತು. ಗೊರಗೊರ ಸದ್ದು ಅಡಗಿ ದನಿ ಸ್ಪಷ್ಟವಾಗಿ ಕೇಳಿಸಿತು. ಮುಳ್ಳು ಇಳಿಯಿತು, ದನಿ ಏರಿತು! ಆ ಹುಡುಗಿ ಚಪ್ಪಾಳೆ ತಟ್ಟಿದಳು.

ಮೀಟರನ್ನು ಮೊದಲು ಹೊಂದಿಸಿ, ಶ್ರುತಿಯನ್ನು ಆಮೇಲೆ ಕೂಡಿಸಿದ್ದರೆ ಏನಾಗುತ್ತಿತ್ತು? ಮಂದ ಕಿವಿಗೆ ಹೊಂದಿಸಿದ ಮೀಟರ್, ಕಿವಿ ಚುರುಕಾದ ಕೂಡಲೇ ಹೆಚ್ಚು ತೋರಿಸುತ್ತಿತ್ತು. ಕೆಲಸವನ್ನು ಮತ್ತೆ ಮಾಡಬೇಕಾಗುತ್ತಿತ್ತು. ಆದ್ದರಿಂದ ಮೊದಲು ಯಂತ್ರ, ಆಮೇಲೆ ಅದರ ಅಳತೆ.

ಇತ್ತೀಚಿನ ಹಲವು ಸೆಟ್ಟುಗಳಲ್ಲಿ ತಿರುಪುಗಳ ಬದಲು ಅಂಕಿಗಳನ್ನು ಸೆಟ್ಟಿನ ನೆನಪಿನಲ್ಲಿ ತುಂಬಿಸುತ್ತಾರೆ. ಆದರೂ ಗೊತ್ತಿರುವ ಬಲದ ತರಂಗ ಕೊಟ್ಟು ಹೋಲಿಸುವ ನಿಯಮ ಮಾತ್ರ ಬದಲಾಗಿಲ್ಲ.

ಎಚ್ಚರಿಕೆ: ಮನೆಯ ರೇಡಿಯೊವನ್ನಾಗಲಿ ಟಿ.ವಿ.ಯನ್ನಾಗಲಿ ಬಿಚ್ಚಿ ತಿರುಪುಗಳನ್ನು ತಿರುಗಿಸಬೇಡಿ. ಜನರೇಟರ್ ಇಲ್ಲದೆ ತಿರುಗಿಸಿದರೆ ಶ್ರುತಿ ಇನ್ನಷ್ಟು ಕೆಡುತ್ತದೆ. ವಿದ್ಯುತ್ ಆಘಾತದ ಅಪಾಯವೂ ಇದೆ. ಫೆರೈಟ್ ತಿರುಪು ಗಾಜಿನಂತೆ ಬಿರುಸು. ಬಲವಂತ ಮಾಡಿದರೆ ಒಡೆಯುತ್ತದೆ.

ಮಾಡಿ ನೋಡಿ – 2: ನಿಮ್ಮದೇ ಮೀಟರ್

ಬೇಕಾಗುವ ಸಾಮಗ್ರಿಗಳು: ರಬ್ಬರ್ ಬ್ಯಾಂಡ್, ಸಣ್ಣ ಪ್ಲಾಸ್ಟಿಕ್ ಲೋಟ, ದಾರ, ಬಿಳಿ ಹಾಳೆ, ಗೋಡೆಯ ಮೊಳೆ, ಔಷಧದ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ.

ವಿಧಾನ: ರಬ್ಬರ್ ಬ್ಯಾಂಡನ್ನು ಮೊಳೆಗೆ ಸಿಕ್ಕಿಸಿ, ಅದರ ತುದಿಗೆ ಲೋಟವನ್ನು ದಾರದಿಂದ ತೂಗುಹಾಕಿ. ಹಿಂದೆ ಗೋಡೆಗೆ ಹಾಳೆ ಅಂಟಿಸಿ. ಮೊದಲು ಲೋಟ ಗೋಡೆಗೆ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ. ಇದು ಯಂತ್ರವನ್ನು ಸರಿಮಾಡುವುದು. ಖಾಲಿ ಲೋಟದ ಅಂಚಿನ ನೇರಕ್ಕೆ ಹಾಳೆಯ ಮೇಲೆ 0 ಎಂದು ಬರೆಯಿರಿ. ಈಗ 10 ಮಿಲಿಲೀಟರ್ ನೀರು ಹಾಕಿ. ಅದರ ತೂಕ 10 ಗ್ರಾಂ. ಅಂಚು ಇಳಿದ ಜಾಗದಲ್ಲಿ 10 ಎಂದು ಗುರುತು ಮಾಡಿ. ಹೀಗೆಯೇ 20, 30, 40, 50 ಗ್ರಾಂಗಳವರೆಗೆ ಮುಂದುವರಿಸಿ.

ಗುರುತುಗಳ ನಡುವಿನ ಅಂತರ ಒಂದೇ ಸಮನಾಗಿ ಇದೆಯೇ, ಅಳತೆಪಟ್ಟಿಯಿಂದ ನೋಡಿ. ರಬ್ಬರ್ ಬ್ಯಾಂಡ್ ಎಲ್ಲ ತೂಕಕ್ಕೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಸಿಗ್ನಲ್ ಮೀಟರ್‌ಗಳಲ್ಲೂ ಈ ತೊಂದರೆ ಇದೆ. 9ರಲ್ಲಿ ಸರಿಯಾಗಿರುವ ಮುಳ್ಳು 2, 3ರ ಬಳಿ ಸರಿಯಾಗಿ ಹೇಳದೆ ಇರಬಹುದು. ಆದ್ದರಿಂದ ಒಂದೇ ಗುರುತಿನಲ್ಲಿ ಪರೀಕ್ಷಿಸಿ ಸುಮ್ಮನಾಗಬಾರದು.

ಈಗ ಒಂದು ತಮಾಷೆ ಮಾಡಿ. ಲೋಟದಲ್ಲಿ 20 ಗ್ರಾಂ ನೀರಿರುವಾಗ ಹಾಳೆಯನ್ನು ಬಿಡಿಸಿ ಸ್ವಲ್ಪ ಮೇಲಕ್ಕೆ ಅಂಟಿಸಿ. ಮೀಟರ್ 30 ತೋರಿಸಬಹುದು. ಲೋಟದಲ್ಲಿ ನೀರು ಹೆಚ್ಚಾಯಿತೇ? ಇಲ್ಲವಲ್ಲ! ಆ ಹಳೆಯ ಸೆಟ್ಟಿನ ಮೀಟರಿಗೆ ಯಾರೋ ಮಾಡಿದ್ದು ಇದನ್ನೇ.

ಮಕ್ಕಳೇ, ಮೀಟರ್ ದೊಡ್ಡ ಅಂಕಿ ತೋರಿಸಿದರೆ ನಮಗೆ ಸಂತೋಷವಾಗುತ್ತದೆ. ಆದರೆ ಮೀಟರ್ ಇರುವುದು ನಮ್ಮನ್ನು ಸಂತೋಷಪಡಿಸಲು ಅಲ್ಲ. ಆಚೆ ತುದಿಯಲ್ಲಿ ಮಾತನಾಡುತ್ತಿರುವವರ ದನಿ ಎಷ್ಟು ಬಲವಾಗಿ ಬರುತ್ತಿದೆ ಎಂದು ನಿಜ ಹೇಳಲು. ಕಣ್ಣು ಮುಳ್ಳಿನ ಮೇಲಿರಲಿ. ಕಿವಿ ಮಾತಿನ ಮೇಲಿರಲಿ. ಎರಡೂ ಬೇರೆ ಬೇರೆ ಹೇಳಿದರೆ ಆ ಹುಡುಗಿಯ ಹಾಗೆ ಪ್ರಶ್ನೆ ಕೇಳಿ.

ಯೋಚಿಸಿ, ಉತ್ತರಿಸಿ

1. 50ನ್ನು ಎಂಟು ಸಲ ಅರ್ಧ ಮಾಡುತ್ತಾ ಹೋಗಿ. ಕೊನೆಗೆ ಬಂದ ಉತ್ತರವನ್ನು ಪಟ್ಟಿಯ ಕೊನೆಯ ಸಾಲಿನೊಡನೆ ಹೋಲಿಸಿ.
2. ಒಬ್ಬ ಹ್ಯಾಮ್ ತನ್ನ ಶಕ್ತಿಯನ್ನು 100 ವ್ಯಾಟ್‌ನಿಂದ 25 ವ್ಯಾಟ್‌ಗೆ ಇಳಿಸಿದರು. ಕೇಳುವವರ ಮುಳ್ಳು 8ರಲ್ಲಿ ಇತ್ತು. ಈಗ ಎಲ್ಲಿಗೆ ಬರುತ್ತದೆ?
3. ಶ್ರುತಿ ಕೂಡಿಸುವಾಗ ದುರ್ಬಲ ತರಂಗವನ್ನೇ ಬಳಸುವುದು ಏಕೆ?
4. ನಿಮ್ಮ ಶಾಲೆ ಅಥವಾ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವ ಯಂತ್ರವಿದೆಯೇ? ಯಾರೂ ಹತ್ತದೆ ಇರುವಾಗ ಅದರ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ಎಂದು ನೋಡಿ, ಗುರುಗಳಿಗೆ ತಿಳಿಸಿ.